ಬೋಲ್ಟಿನ ಮೇಲಿನ ಕೆಂಪು ಗೆರೆ

ರೋಬೋಟ್ ಓಡುವಾಗ ಎಲ್ಲರೂ ಅದನ್ನು ನೋಡುತ್ತಿದ್ದರು. ತಂಡದ ಹೊಣೆ ಹೊತ್ತಿದ್ದ ಮೇಡಂ ಮಾತ್ರ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಮರಾಠಿ ಸೀಮೆಯ ಧನಕವಡಿಯ ಆ ಇಂಜಿನಿಯರಿಂಗ್ ಕಾಲೇಜಿಗೆ ನಾನು ಪಾಠ ಹೇಳಲು ಸೇರಿದ ಹೊಸತರಲ್ಲಿ ಇದನ್ನು ಕಂಡು, ಯಾರ ಮೇಲೋ ಸಿಟ್ಟಾಗಿದ್ದಾರೆ ಎಂದುಕೊಂಡೆ. ಸ್ಪರ್ಧೆಗೆಂದು ಹುಡುಗರು ಕಟ್ಟಿದ ನಾಲ್ಕು ಗಾಲಿಯ ಯಂತ್ರ ವರ್ಕ್‌ಶಾಪಿನ ನೆಲದ ಮೇಲೆ ಗುರ್ರೆನ್ನುತ್ತ ಹೋಗಿ ಬರುತ್ತಿತ್ತು. ಮೇಡಂ ಗೋಡೆಗೆ ಹೇಳುವವರಂತೆ ಗೊಣಗಿದರು:

"ಹಿಂದಿನ ಎಡಗಾಲ ಕುಂಟ್ಲಿಕತ್ತದ."

ಮರಾಠಿ ಹುಡುಗರ ನಡುವೆ, ಗ್ರೀಸಿನ ವಾಸನೆಯಲ್ಲಿ, ಅಷ್ಟು ಸಲೀಸಾದ ಕನ್ನಡ ಕೇಳಿ ನಾನು ಬೆಚ್ಚಿದೆ. "ಮೇಡಂ, ನೀವು ಕನ್ನಡದವರಾ?" ಎಂದೆ.

ಅವರು ಕಣ್ಣು ಬಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಯ್ಯ, ರೇಡಿಯೋ ಮಾತಾಡ್ತಲ್ರೀ!" ಎಂದರು.

ಅಂದಿನಿಂದ ನನ್ನ ಮೈಸೂರು ಕನ್ನಡಕ್ಕೆ ಅವರಲ್ಲಿ ರೇಡಿಯೋ ಎಂದೇ ಹೆಸರಾಯಿತು. ಹಿಂದಿನ ಎಡಗಾಲಿಯಲ್ಲಿ ನಿಜಕ್ಕೂ ದೋಷವಿತ್ತೇ? ಇತ್ತು ಎಂದೇ ನನ್ನ ನೆನಪು. ಆದರೆ ಇಂಥ ಕಥೆಗಳಲ್ಲಿ ಹೇಳಿದವರ ಮಾತು ಯಾವಾಗಲೂ ನಿಜವಾಗುತ್ತದೆ. ನಿಜವಾಗದೆ ಹೋದ ದಿನಗಳನ್ನು ನಾವು ನೆನಪಿಡುವುದಿಲ್ಲ. ಆದ್ದರಿಂದ ಇದನ್ನು ಅನುಮಾನದ ಲೆಕ್ಕದಲ್ಲೇ ಇಡುತ್ತೇನೆ.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಅಷ್ಟು ಹೊತ್ತಿಗೆ ನಾನು ಆ ಕಾಲೇಜು ಬಿಟ್ಟು, ಇನ್ನೊಂದು ಕೆಲಸ ಹಿಡಿದು, ಅದನ್ನೂ ಬಿಟ್ಟಿದ್ದೆ. ಹಳೆಯ ರೋಬೋಟ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹಿಂದೆಯೇ ಸಾಲುಸಾಲು ಶ್ರದ್ಧಾಂಜಲಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದರು, ಒಮ್ಮೆ ನೋಡಿದರೆ ಸಾಕು ದೋಷ ಹಿಡಿಯುತ್ತಿದ್ದರು, ಅವರ ಮಾತು ಒಮ್ಮೆಯೂ ತಪ್ಪಾದದ್ದಿಲ್ಲ. ಓದುತ್ತ ಓದುತ್ತ ನನಗೆ ಕಿರಿಕಿರಿಯಾಯಿತು. ನಾನು ಅವರನ್ನು ನೆನೆಸಿಕೊಳ್ಳುವುದೇ ಅವರು ಮಾಡಿದ ಒಂದು ತಪ್ಪಿನಿಂದ. ಅದನ್ನು ಕೇಳಿ ಖಚಿತಪಡಿಸಿಕೊಳ್ಳೋಣವೆಂದರೆ ಈಗ ಅವರಿಲ್ಲ. ನನಗೆ ನೆನಪಿದ್ದಷ್ಟನ್ನು, ನೆನಪಿದ್ದಂತೆ ಬರೆಯುತ್ತಿದ್ದೇನೆ.

ಅವರ ತಂದೆ ಬೆಳಗಾವಿ ಕಡೆಯಿಂದ ಖಡಕಿಯ ಮದ್ದುಗುಂಡಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಮೇಡಂ ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. "ಮನ್ಯಾಗ ಕನ್ನಡ, ಗಲ್ಲಿಯೊಳಗ ಮರಾಠಿ, ಬಜಾರದಾಗ ಹಿಂದಿ, ಪರೀಕ್ಷಾದಾಗ ಇಂಗ್ಲಿಷ್. ನನಗ ಜಗಳಾಡ್ಲಿಕ್ಕೆ ನಾಕು ಭಾಷಾ ಬರ್ತಾವ ನೋಡ್ರಿ," ಎನ್ನುತ್ತಿದ್ದರು. ಯಂತ್ರಗಳ ಜೊತೆ ಮಾತಾಡುವುದು ಮಾತ್ರ ಕನ್ನಡದಲ್ಲಿ. ಗಾಲಿಗೆ 'ಕಾಲು' ಎನ್ನುತ್ತಿದ್ದರು, ಮೋಟರಿಗೆ 'ತೊಡಿ'. ಗಿಡ್ಡ ಮೈಕಟ್ಟು, ಹತ್ತಿ ಸೀರೆ, ಅದರ ಮೇಲೆ ವರ್ಕ್‌ಶಾಪಿನ ನೀಲಿ ಕೋಟು. ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ. ಶೇಂಗಾದ ಸಿಪ್ಪೆ ನೆಲಕ್ಕೆ ಬಿದ್ದರೆ ಹುಡುಗರನ್ನು ಬೈಯುತ್ತಿದ್ದರು. ಬೀಳಿಸಿದವರು ತಾವೇ ಎಂಬುದು ಅವರಿಗೂ ಗೊತ್ತಿತ್ತು, ಹುಡುಗರಿಗೂ ಗೊತ್ತಿತ್ತು.

ಏನಾದರೂ ಮುರಿದರೆ ತಕ್ಷಣ ಯಾರೂ ಮುಟ್ಟುವಂತಿರಲಿಲ್ಲ. ಅದು ಅವರ ಮೊದಲ ಕಟ್ಟಳೆ. ಎಲ್ಲರೂ ಹೋಗಿ ಕ್ಯಾಂಟೀನಿನಲ್ಲಿ ಚಹಾ ಕುಡಿದು ಬರಬೇಕು. ಆಮೇಲೆ ಮುರಿದದ್ದನ್ನು ವೃತ್ತಪತ್ರಿಕೆಯ ಮೇಲಿಟ್ಟು ಸುತ್ತ ಕೂರಬೇಕು. ಒಬ್ಬೊಬ್ಬರೂ ಏನು ಕಾಣುತ್ತದೆ ಎಂದಷ್ಟೇ ಹೇಳಬೇಕು; ಯಾಕೆ ಆಯಿತು ಎಂದು ಹೇಳಕೂಡದು. ಒಬ್ಬ ಹುಡುಗ "ಲೂಸ್ ಆಗಿದೆ ಮೇಡಂ" ಎಂದರೆ, "ಲೂಸ್ ಅನ್ನೋದು ನಿನಗೆ ಕಾಣುತ್ತಾ? ಸಂದು ಕಾಣುತ್ತೆ. ಸಂದು ಅನ್ನು," ಎಂದು ಮರಾಠಿಯಲ್ಲಿ ತಿದ್ದುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನನಗೆ ಇಂಥದ್ದನ್ನು ದೊಡ್ಡ ದೊಡ್ಡ ಮಾತುಗಳಲ್ಲಿ ಕಲಿಸಿದ್ದರು. ಅದನ್ನು ಶೇಂಗಾ ತಿನ್ನುತ್ತ ಮಾಡಬಹುದು ಎಂದು ಯಾರೂ ಹೇಳಿರಲಿಲ್ಲ.

ಒಂದು ವರ್ಷ ರೋಬೋಟ್ ನೇರ ಹೋಗೆಂದರೆ ಬಲಕ್ಕೆ ಎಳೆಯುತ್ತಿತ್ತು. ಪ್ರೋಗ್ರಾಂ ಬರೆಯುವವರು ಮೋಟರಿನವರನ್ನು ಬೈದರು, ಮೋಟರಿನವರು ಪ್ರೋಗ್ರಾಂನವರನ್ನು. ಮೇಡಂ ಒಂದು ದಾರ ತೆಗೆದುಕೊಂಡು ನಾಲ್ಕೂ ಗಾಲಿಗಳಿಗೆ ಸುತ್ತಿ ಅಳೆದರು. ಬಲಗಡೆಯ ಗಾಲಿಗಳು ಸವೆದು ಸಣ್ಣಗಾಗಿದ್ದವು. ಅಭ್ಯಾಸದಲ್ಲಿ ಹುಡುಗರು ಯಂತ್ರವನ್ನು ಯಾವಾಗಲೂ ಎಡಕ್ಕೇ ತಿರುಗಿಸುತ್ತಿದ್ದರು. ಹೊರಗಡೆಯ ಗಾಲಿಗಳು ಹೆಚ್ಚು ಓಡಿ ಹೆಚ್ಚು ಸವೆದಿದ್ದವು. "ಗಾಣದ ಎತ್ತಿನಂಗ ಒಂದ ಕಡೆ ತಿರುಗಿಸಿದ್ರ ಇನ್ನೇನಾಗ್ತದ್ರೀ," ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ನಕ್ಕರು. ಏನು ಹೇಳಿದರೆಂದು ತಿಳಿಯದೆ ಹುಡುಗರೂ ನಕ್ಕರು.

ಇನ್ನು ಆ ಕೆಂಪು ಗೆರೆ. ಗಾಲಿಯನ್ನು ಮೋಟರಿನ ತುದಿಯ ಲೋಹದ ಬಿಲ್ಲೆಗೆ ಬಿಗಿಯುವ ಬೋಲ್ಟುಗಳು ಓಟದ ಅದುರಿಗೆ ಮೆಲ್ಲಗೆ ಸಡಿಲವಾಗುತ್ತವೆ. ಅದನ್ನು ಕಂಡುಹಿಡಿಯಲು, ಬಿಗಿದ ಕೂಡಲೇ ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲಿನವರೆಗೆ ಒಂದೇ ಗೆರೆ ಎಳೆಯುತ್ತಾರೆ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ನೋಡಿದರೆ ಸಾಕು, ಸ್ಪ್ಯಾನರ್, ಅಲ್ಲಿಯವರ ಮಾತಿನಲ್ಲಿ ಪಾನಾ, ಹಾಕಿ ಪರೀಕ್ಷಿಸಬೇಕಾಗಿಲ್ಲ. ಇದಕ್ಕೆಂದೇ ಬಣ್ಣದ ಪೆನ್ನುಗಳು ಸಿಗುತ್ತವೆ. ಮೇಡಂ ಬಳಸುತ್ತಿದ್ದದ್ದು ನೇಲ್ ಪಾಲಿಶ್. ತಾವು ಒಂದು ದಿನವೂ ಉಗುರಿಗೆ ಹಚ್ಚಿದವರಲ್ಲ.

ತಂಡಕ್ಕೆ ಹೊಸದಾಗಿ ಸೇರಿದ ಹುಡುಗರ ಮೊದಲ ಕೆಲಸ, ಬಳೆ ಅಂಗಡಿಗೆ ಹೋಗಿ ನೇಲ್ ಪಾಲಿಶ್ ತರುವುದು. ಅದೊಂದು ದೀಕ್ಷೆಯೇ ಆಗಿತ್ತು. ಮೀಸೆ ಚಿಗುರುತ್ತಿದ್ದ ಹುಡುಗರು ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಗೆ ಹೋಗುತ್ತಿದ್ದರು. "ಯಾವ ಬಣ್ಣ ಬೇಕಪ್ಪಾ, ನಿನಗೋ, ಅವಳಿಗೋ?" ಎಂದು ಅಂಗಡಿಯಾಕೆ ಕೇಳುತ್ತಿದ್ದಳಂತೆ. ಓಂಕಾರ ಎಂಬ ಹುಡುಗ, ಮುಂದೆ ಇವನೇ ಕ್ಯಾಪ್ಟನ್ ಆದ, "ರೋಬೋಟಿಗೆ" ಎಂದು ಹೇಳಿ ಇಡೀ ಅಂಗಡಿಯನ್ನು ನಗಿಸಿ ಬಂದಿದ್ದ. "ನಾಚಿಕಿ ಬಿಟ್ಟವರಿಗೇ ಬೋಲ್ಟ್ ಹತ್ತತಾವ," ಎಂಬುದು ಮೇಡಂ ಗಾದೆ. ಅವರೇ ಕಟ್ಟಿದ ಗಾದೆ ಇರಬೇಕು. ಬೇರೆ ಎಲ್ಲೂ ಕೇಳಿಲ್ಲ.

ನಾನು ಹೇಳಬೇಕೆಂದಿರುವುದು ಓಂಕಾರ ಕ್ಯಾಪ್ಟನ್ ಆಗಿದ್ದ ವರ್ಷದ ಮಾತು. ಗಾಲಿಗಳ ಹೊಣೆ ಭಾಗ್ಯಶ್ರೀ ಎಂಬ ಹುಡುಗಿಯದು. ಅಥಣಿ ಕಡೆಯ ಕುಟುಂಬ. ತಂದೆ ರಾಂಜಣಗಾಂವದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಇವಳು ಇಲ್ಲಿ ಹಾಸ್ಟೆಲಿನಲ್ಲಿದ್ದು, ರಜೆಗೆ ಮನೆಗೆ ಹೋಗುತ್ತಿದ್ದಳು. ಮಾತು ಕಡಿಮೆ, ಕೈ ಚುರುಕು. ಆ ವರ್ಷದ ಗಾಲಿಗಳಿಗೆ ಬೋಲ್ಟು ಬೇಕೆಂದಾಗ, ಅವಳ ತಂದೆ ತಮ್ಮ ಸಾಹೇಬರನ್ನು ಕೇಳಿ, ಒಪ್ಪಿಗೆ ಪಡೆದು, ಉಳಿಕೆ ಮಾಲಿನಿಂದ ಒಂದು ಪೊಟ್ಟಣ ಕಳಿಸಿಕೊಟ್ಟರು. ಅವಳು ಅದನ್ನು ಮೇಜಿನ ಮೇಲಿಟ್ಟು, "ಅಪ್ಪಾ ಕೊಟ್ಟಾರ್ರಿ ಮೇಡಂ. ಗಾಡಿಗೆ ಹಾಕೋವು, ಭಾಳ ಗಟ್ಟಿ ಅದಾವಂತ," ಎಂದದ್ದು ನೆನಪಿದೆ. ಕಾಲೇಜಿನಲ್ಲಿ ತಂದೆಯ ಬಗ್ಗೆ ಅವಳು ಹೇಳಿದ್ದು ಅದೇ ಮೊದಲು ಎಂದು ನನಗೆ ಅನ್ನಿಸಿತ್ತು.

ಖಂಡೇನವಮಿ ಬಂತು. ಆಯುಧಗಳಿಗೆ ಪೂಜೆ ಮಾಡುವ ದಿನ. ವರ್ಕ್‌ಶಾಪಿನಲ್ಲಿ ಲೇಥಿಗೂ ಡ್ರಿಲ್ಲಿಗೂ ಚೆಂಡುಹೂವಿನ ಮಾಲೆ, ಪಾನಾಗಳಿಗೆ ಅರಿಸಿನ ಕುಂಕುಮ. ಮಧ್ಯದಲ್ಲಿ ಮಣೆಯ ಮೇಲೆ ರೋಬೋಟು. ಪೂಜೆಗೆ ಮುಂಚೆ ಮೇಡಂ ಚಕ್ಕಳಮಕ್ಕಳ ಹಾಕಿ ಅದರ ಪಕ್ಕ ಕುಳಿತು, ಹಳೆಯ ಬಟ್ಟೆಯಿಂದ ಗಾಲಿ ಗಾಲಿಯನ್ನೂ ಒರೆಸಿದರು. ಆಮೇಲೆ ಮಾಸಿದ್ದ ಗೆರೆಗಳ ಮೇಲೆ ಹೊಸ ಬಾಟಲಿಯಿಂದ ಕೆಂಪು ಗೆರೆಗಳನ್ನು ಎಳೆದರು. ದೇವರಿಗೆ ಅಲಂಕಾರ ಮಾಡುವವರ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ. ಓಂಕಾರ ಆರತಿ ಹಾಡಿದ, ಎಲ್ಲರಿಗೂ ಪೇಢೆ ಹಂಚಿದರು. ಯಂತ್ರ ನಿಜಕ್ಕೂ ಚೆಂದ ಕಾಣುತ್ತಿತ್ತು.

ಕೆಲವು ವಾರಗಳ ನಂತರ, ಸ್ಪರ್ಧೆ ಹತ್ತಿರ ಬಂದಾಗ, ಅಭ್ಯಾಸದ ನಡುವೆ ಮುಂದಿನ ಬಲಗಾಲಿ ಕಳಚಿ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಯಂತ್ರ ಮೂತಿ ಊರಿ ಕುಳಿತಿತು. ಗಾಲಿಯ ಬೋಲ್ಟುಗಳು ಕತ್ತು ಮುರಿದುಕೊಂಡಿದ್ದವು. ತಲೆಗಳು ನೆಲದ ಮೇಲೆ, ದೇಹಗಳು ಬಿಲ್ಲೆಯೊಳಗೆ.

ಪದ್ಧತಿಯಂತೆ ಚಹಾ ಕುಡಿದು ಬಂದು ಸುತ್ತ ಕುಳಿತೆವು. ಉಳಿದ ಮೂರು ಗಾಲಿಗಳ ಗೆರೆಗಳನ್ನು ಓಂಕಾರ ಟಾರ್ಚು ಹಾಕಿ ನೋಡಿದ. ಒಂದೂ ಮುರಿದಿರಲಿಲ್ಲ. ಹಾಗಾದರೆ ಬೋಲ್ಟು ಸಡಿಲವಾಗಿರಲಿಲ್ಲ. ಯಂತ್ರ ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ. ಉಳಿದದ್ದು ಒಂದೇ. "ಬೋಲ್ಟೇ ಕಳಪೆ, ಮೇಡಂ. ಕಾರ್ಖಾನೆಯ ಉಳಿಕೆ ಮಾಲು," ಎಂದ. ಹೇಳುವಾಗ ಭಾಗ್ಯಶ್ರೀಯ ಕಡೆ ನೋಡಲಿಲ್ಲ. ಕೆಟ್ಟ ಹುಡುಗನಲ್ಲ ಅವನು.

ಮೇಡಂ ಮುರಿದ ತಲೆಯೊಂದನ್ನು ಅಂಗೈಯಲ್ಲಿ ಹೊರಳಿಸಿದರು. "ಗೆರಿ ನೆಟ್ಟಗದಾವ," ಎಂದರು. ಆಮೇಲೆ ಎಲ್ಲರಿಗೂ ತಿಳಿಯುವಂತೆ ಮರಾಠಿಯಲ್ಲಿ, "ಹೌದು. ಉಕ್ಕು ಸರಿಯಿಲ್ಲ. ಇವನ್ನು ತೆಗೆದು ಅಂಗಡಿಯಿಂದ ತರಿಸಿ," ಎಂದರು.

ಅಷ್ಟೇ. ದನಿ ಏರಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಅವರು ಹೇಳಿದ ಮೇಲೆ ಮುಗಿಯಿತು. ಭಾಗ್ಯಶ್ರೀ ಎದ್ದು ನಿಂತು, "ನಾ ಬಿಡ್ತೀನ್ರಿ ಮೇಡಂ. ಗಾಲಿ ಕೆಲಸಾ ಬ್ಯಾರೆ ಯಾರಿಗರ ಕೊಡ್ರಿ," ಎಂದಳು. ಬೇಡವೆಂದು ಮೇಡಂ ಹೇಳುತ್ತಾರೆಂದು ನಾನು ಕಾದೆ. ಅವರು "ವಿಚಾರ ಮಾಡು," ಎಂದಷ್ಟೇ ಅಂದರು. ಅವಳು ಮಾರನೆಯ ದಿನದಿಂದ ವರ್ಕ್‌ಶಾಪಿಗೆ ಬರಲಿಲ್ಲ.

ಕಳಚಿದ ಗಾಲಿಗೆ ಹೊಸ ಬೋಲ್ಟು ಹಾಕಿದರು. ಉಳಿದವನ್ನು ಅಂಗಡಿಯವನು ತರಿಸಿಕೊಡುವವರೆಗೆ ಹಳೆಯವೇ ಇದ್ದವು.

ಮುಂದಿನದು ನನಗೆ ತೀರ ಸ್ಪಷ್ಟವಾಗಿ ನೆನಪಿರುವ ದೃಶ್ಯ. ಎರಡನೆಯ ವರ್ಷದವರಿಗೆ ಲೋಹ ಮುರಿಯುವ ಬಗೆಗಳ ಪ್ರಾಯೋಗಿಕ ತರಗತಿ. ನಾವಿಬ್ಬರೂ ಸೇರಿ ನಡೆಸುತ್ತಿದ್ದೆವು. ಕೆಟ್ಟ ಉಕ್ಕು ಹೇಗೆ ಒಮ್ಮೆಗೇ ಪಟ್ಟನೆ ಮುರಿಯುತ್ತದೆ ಎಂದು ತೋರಿಸಲು ಮೇಡಂ ಆ ಬೋಲ್ಟಿನ ತಲೆಯನ್ನೇ ತಂದಿದ್ದರು. ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮುರಿದ ಮುಖ ಗೋಡೆಯ ಮೇಲಿನ ಪರದೆಯಲ್ಲಿ ದೊಡ್ಡದಾಗಿ ಮೂಡಿತು. "ಇಲ್ಲಿ ನೋಡಿ, ಇಡೀ ಮುಖ ಸಕ್ಕರೆ ಹರಳಿನ ಹಾಗೆ..." ಎಂದು ಮರಾಠಿಯಲ್ಲಿ ಶುರುಮಾಡಿ, ಪರದೆಯ ಕಡೆ ತಿರುಗಿದವರು ನಿಂತುಬಿಟ್ಟರು.

ಪರದೆಯ ಮೇಲೆ ಹರಳಿರಲಿಲ್ಲ. ಒಂದು ಅಂಚಿನಿಂದ ಹೊರಟ ನುಣುಪಾದ ಅರ್ಧವೃತ್ತಗಳು, ಒಂದರ ಹಿಂದೆ ಒಂದು, ಕಪ್ಪೆಚಿಪ್ಪಿನ ಮೇಲಿನ ಗೆರೆಗಳಂತೆ. ತುದಿಯಲ್ಲಿ ಮಾತ್ರ ಒರಟಾದ ಚೂರು ಜಾಗ. ಲೋಹಶಾಸ್ತ್ರದ ಯಾವ ವಿದ್ಯಾರ್ಥಿಗೂ ಇದು ಗೊತ್ತು: ಈ ಬೋಲ್ಟು ಒಮ್ಮೆಗೇ ಮುರಿದಿಲ್ಲ. ದಿನ ದಿನವೂ ಬಾಗಿ, ಬಾಗಿ, ಬಿರುಕು ಸ್ವಲ್ಪ ಸ್ವಲ್ಪವೇ ಮುಂದೆ ಹೋಗಿ, ಕೊನೆಗೆ ಉಳಿದ ಚೂರು ತಾಳಲಾರದೆ ಹೋಗಿದೆ. ಗಟ್ಟಿ ಬೋಲ್ಟು ಹೀಗೆ ಸಾಯುವುದು ಸಾಮಾನ್ಯವಾಗಿ ಸಡಿಲವಾದಾಗ.

ತರಗತಿ ಕಾಯುತ್ತಿತ್ತು. ಮೇಡಂ ಕೈಯಲ್ಲಿದ್ದ ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ನಾನು ಈಗ ಹೇಳಲು ಹೊರಟಿದ್ದು ತಪ್ಪು. ಸರಿ ಯಾವುದೆಂದು ಇನ್ನೂ ಗೊತ್ತಿಲ್ಲ," ಎಂದು ಮಕ್ಕಳಿಗೆ ಹೇಳಿ, ನನ್ನ ಕಡೆ ತಿರುಗಿ, "ಬರ್ರಿ," ಎಂದರು. ಮಕ್ಕಳನ್ನು ಹಾಗೆಯೇ ಬಿಟ್ಟು ಹೋದದ್ದು ಅವರ ನೌಕರಿಯಲ್ಲಿ ಅದೊಂದೇ ಸಲವಿರಬೇಕು. ಹಾಗೆಂದು ನಾನು ನಂಬಿಕೊಂಡಿದ್ದೇನೆ.

ಮೊದಲು ಅವರು ಹೋದದ್ದು ಗಡಸುತನ ಅಳೆಯುವ ಯಂತ್ರದ ಬಳಿ. ಅದು ಪರದೆಯಿದ್ದ ಗೋಡೆಯ ಆಚೆಗೇ ಇತ್ತು. ಪೊಟ್ಟಣದಲ್ಲಿ ಉಳಿದಿದ್ದ ಒಂದು ಬೋಲ್ಟನ್ನು ಇಟ್ಟು ನೋಡಿದರು. ಎಷ್ಟಿರಬೇಕೋ ಅಷ್ಟೇ ಗಟ್ಟಿ. ಕಳಪೆ ಎನ್ನುವ ಮೊದಲು ಮಾಡಬೇಕಾಗಿದ್ದ ಪರೀಕ್ಷೆ ಅದು. ಒಂದು ಮುಷ್ಟಿ ಶೇಂಗಾ ಮುಗಿಯುವುದರೊಳಗೆ ಆಗುವಂಥದ್ದು.

ವರ್ಕ್‌ಶಾಪಿನಲ್ಲಿ ಓಂಕಾರ ಮತ್ತು ತಂಡದವರಿದ್ದರು. ಮೇಡಂ ರೋಬೋಟಿನ ಪಕ್ಕ ಕುಳಿತು ಇನ್ನೊಂದು ಗಾಲಿ ಬಿಚ್ಚಿಸಿದರು. ಗಾಲಿಗೂ ಬಿಲ್ಲೆಗೂ ನಡುವೆ ಕಪ್ಪು ಪುಡಿ. ಎರಡು ಲೋಹಗಳು ಒಂದರ ಮೇಲೊಂದು ಉಜ್ಜಿಕೊಂಡರೆ ಮಾತ್ರ ಬರುವ ಪುಡಿ. ಬಿಗಿಯಾಗಿದ್ದರೆ ಉಜ್ಜುವುದೆಲ್ಲಿಂದ? ಆದರೆ ಗೆರೆಗಳು ನೆಟ್ಟಗಿವೆ. ಬೇರೊಂದು ಗಾಲಿಯ ಬೋಲ್ಟಿಗೆ ಪಾನಾ ಕೊಟ್ಟು ಬೆರಳ ತುದಿಯಿಂದ ತಳ್ಳಿದರು. ಚಿಟ್ ಎಂದು ಬಣ್ಣ ಬಿಟ್ಟುಕೊಂಡು ಬೋಲ್ಟು ಸಲೀಸಾಗಿ ತಿರುಗಿತು.

ಆಮೇಲೆ ಕೆಂಪು ಗೆರೆಯನ್ನು ಉಗುರಿನಿಂದ ಕೆರೆದರು. ಹೊಸ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅದರ ಕೆಳಗೆ ಹಳೆಯ ಮಾಸಿದ ಗೆರೆ. ಮುರಿದು, ಬೋಲ್ಟಿನ ತಲೆಯ ಮೇಲಿನ ತುಂಡು ಓರೆಯಾಗಿ ನಿಂತಿತ್ತು. ಖಂಡೇನವಮಿಗೆ ಮುಂಚೆಯೇ ಬೋಲ್ಟುಗಳು ತಿರುಗಿದ್ದವು. ಅದರ ಮೇಲೆ ಹೊಸ ಗೆರೆ ಬಿದ್ದು ಎಲ್ಲವೂ ನೆಟ್ಟಗೆ ಕಂಡಿತು. ಅಷ್ಟೇ ಅಲ್ಲ, ದಪ್ಪನೆಯ ಹೊಸ ಪಾಲಿಶ್ ಗೋಂದಿನಂತೆ ಒಣಗಿ, ಸಡಿಲವಾದ ಬೋಲ್ಟನ್ನು ಅಲ್ಲೇ ಹಿಡಿದುಕೊಂಡಿತ್ತು. ಇನ್ನಷ್ಟು ತಿರುಗಿದ್ದರೆ ಗೆರೆ ಮತ್ತೆ ಮುರಿದು ಎಚ್ಚರಿಸುತ್ತಿತ್ತು. ಅದೂ ಆಗಲಿಲ್ಲ.

ಇಲ್ಲಿ ನನ್ನ ನೆನಪಿಗೂ ಓಂಕಾರನ ನೆನಪಿಗೂ ಹೊಂದುವುದಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದಾಗ, ಬಣ್ಣ ಕೆರೆದು ಎರಡು ಪದರ ಕಂಡವನು ತಾನು ಎಂದ. ಸುಳ್ಳು ಹೇಳುವವನಲ್ಲ. ನಾನು ಮೇಡಂ ಬೆರಳನ್ನೇ ಕಾಣುತ್ತಿದ್ದೇನೆ. ಅವನು ತನ್ನ ಬೆರಳನ್ನು. ಬೆರಳು ಯಾರದಾದರೂ ಇರಲಿ, ಮುಂದೆ ಆದ ಮಾತಿನ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

"ಈ ಗೆರೆ ಎಳೆದವಳು ನಾನು," ಎಂದು ಮೇಡಂ ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಓಂಕಾರ ತಡವರಿಸಿದ. "ಪೂಜೆಗೆ ಅಂತ ತಾನೆ ಮೇಡಂ..."

"ಪೂಜೆಗೆ ಹೂವು ಹಾಕಬೇಕು. ಸಾಕ್ಷಿಗೆ ಬಣ್ಣ ಬಳಿಯಬಾರದು. ಭಾಗ್ಯಶ್ರೀ ತಂದ ಬೋಲ್ಟು ಚೆನ್ನಾಗಿತ್ತು. ಉಕ್ಕು ಸರಿಯಿಲ್ಲ ಅಂದದ್ದು ನಾನು, ಅದು ತಪ್ಪು."

ಹುಡುಗರು ತಲೆ ತಗ್ಗಿಸಿದರು. ಅವರಿಗಿಂತ ಮೇಡಂಗೇ ಆ ಕ್ಷಣ ಹಗುರವಾಗಿತ್ತೇನೋ. ಭಾಗ್ಯಶ್ರೀಗೆ ಫೋನ್ ಮಾಡಿ ಬರಹೇಳೋಣ ಎಂದ ಓಂಕಾರ. ಮೇಡಂ ಒಪ್ಪಲಿಲ್ಲ. ಅವಳು ಮನೆಗೆ ಹೋಗಿದ್ದಾಳೆಂದು ತಿಳಿದು, ಭಾನುವಾರ ಮಧ್ಯಾಹ್ನ ನನ್ನ ಕಾರಿನಲ್ಲಿ ಬಂದು ಕುಳಿತರು. ಕರವಸ್ತ್ರದಲ್ಲಿ ಎರಡು ಬೋಲ್ಟು ಕಟ್ಟಿಕೊಂಡಿದ್ದರು, ಒಂದು ಮುರಿದದ್ದು, ಒಂದು ಅದೇ ಪೊಟ್ಟಣದ ಹೊಸದು.

ನಗರ ರಸ್ತೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ ನಾನು ಕೇಳಿದೆ: "ಫೋನಲ್ಲೇ ಹೇಳಬಹುದಿತ್ತಲ್ವಾ ಮೇಡಂ?"

"ನಾಕು ಮಂದಿ ಮುಂದ ಆಡಿದ ಮಾತು ನಾಕು ಮಂದಿ ಮುಂದ ತಿರುಗಿ ತಗೋಬೇಕ್ರಿ. ಒಬ್ಬರ ಮನೀತನಕ ಹೋದ ಮಾತು ಮನೀತನಕ ಹೋಗಿ ತಗೋಬೇಕು."

ಅವರು ಹೀಗೆಯೇ ಹೇಳಿದರೇ? ವಾಕ್ಯ ತೀರ ನಯವಾಗಿದೆ. ಇಷ್ಟು ವರ್ಷ ನಾನೇ ತಿಕ್ಕಿ ತಿಕ್ಕಿ ಹೊಳಪು ಬರಿಸಿರಬಹುದು. ಅರ್ಥ ಮಾತ್ರ ಅದೇ. ಅವರು ದಾರಿಯುದ್ದಕ್ಕೂ ಶೇಂಗಾ ತಿನ್ನಲಿಲ್ಲ ಎಂಬುದು ಖಂಡಿತ.

ರಾಂಜಣಗಾಂವದಲ್ಲಿ ಗಣಪತಿ ದೇವಸ್ಥಾನಕ್ಕೆ ಹೋಗುವ ಬಸ್ಸುಗಳನ್ನು ದಾಟಿ, ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಮನೆ ಹುಡುಕಿದೆವು. ಎರಡು ಕೋಣೆ, ಹೊರಗೆ ತುಳಸಿ, ಹಗ್ಗದ ಮೇಲೆ ಒಣಗುತ್ತಿದ್ದ ಸಮವಸ್ತ್ರ. ಭಾಗ್ಯಶ್ರೀಯ ತಂದೆ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದರು. "ಬರ್ರಿ, ಬರ್ರಿ. ಕೂಡ್ರಿ. ಏ ಭಾಗ್ಯಾ, ಯಾರು ಬಂದಾರ ನೋಡಬಾ." ಬಾಗಿಲಲ್ಲಿ ಮೇಡಂ ಅವರನ್ನು ಕಂಡು ಅವಳ ಮುಖ ಬಿಗಿಯಿತು. ಒಳಗೆ ಹೋಗಿ ಚಹಾಕ್ಕಿಟ್ಟಳು.

ತಂದೆಯೇ ಮಾತು ತೆಗೆದರು. ಅವರು ಕ್ಷಮೆ ಕೇಳುವ ದನಿಯಲ್ಲಿದ್ದರು. "ನನ್ನಿಂದ ಕಾಲೇಜಿಗೆ ತ್ರಾಸ ಆತ್ರಿ ಮೇಡಂ. ಬೋಲ್ಟ್ ಚೊಲೋ ಅದಾವ ಅಂತ ನಾ ಅಂದ್ನಿ. 'ಮೇಡಂಕಿಂತ ನಿಮಗ ಹೆಚ್ಚು ತಿಳೀತದೇನು' ಅಂದ್ಳು ಇಕಿ. ಅದೂ ಖರೇನ. ಮ್ಯಾಲೆ ಹೆಂಗ ಮಾತಾಡೂದು? ಸುಮ್ನಾದೆ. ಈಗ ಸ್ಟೋರಿನ್ಯಾಗ ಆ ಡಬ್ಬಿ ಕಂಡ್ರ ಮಾರಿ ಆಕಡೆ ತಿರುಗಿಸ್ತೀನಿ. ನಂದಾ ಏನರ ತಪ್ಪಾಗಿರಬೇಕು ಅಂತ."

ಮೇಡಂ ಕುರ್ಚಿಯಿಂದ ಎದ್ದು ನಿಂತರು. ಯಾಕೆ ಎದ್ದರೆಂದು ಗೊತ್ತಾಗದೆ ತಂದೆಯೂ ಎದ್ದರು, ನಾನೂ ಎದ್ದೆ. ಮೂವರೂ ಆ ಸಣ್ಣ ಕೋಣೆಯಲ್ಲಿ ಎದುರುಬದುರು ನಿಂತೆವು.

"ಬೋಲ್ಟ್ ನಿಮ್ಮವು ಚೊಲೋನ ಇದ್ದವ್ರಿ," ಎಂದರು ಮೇಡಂ. "ಸಡಿಲ ಆಗಿದ್ವು. ಸಡಿಲ ಆದದ್ದು ತೋರಿಸೂ ಗೆರಿ ಮ್ಯಾಲೆ, ಹಬ್ಬಕ್ಕ ಚಂದ ಕಾಣ್ಲಿ ಅಂತ, ನಾನ ಹೊಸಾ ಗೆರಿ ಎಳದೆ. ಆಮ್ಯಾಲೆ ಅದನ್ನ ನೋಡಿ ನಿಮ್ಮ ಬೋಲ್ಟಿಗೆ ಕೆಟ್ಟವು ಅಂತ ಹೆಸರಿಟ್ಟೆ. ಟೆಸ್ಟ್ ಸೈತ ಮಾಡ್ಲಿಲ್ಲ. ಎಲ್ಲಾ ಹುಡುಗರ ಮುಂದ ಹೇಳೀನಿ. ನಿಮ್ಮ ಮುಂದೂ ಹೇಳ್ಬೇಕಿತ್ತು."

ತಂದೆ ಕುರ್ಚಿ ಮುಂದಕ್ಕೆ ಸರಿಸಿ, "ಕೂಡ್ರಿ ಮೇಡಂ, ಕೂಡ್ರಿ," ಎಂದರು.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾಗ್ಯಶ್ರೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ದನಿ ಮೆಲ್ಲಗಿತ್ತು. "ಅವತ್ತೂ ಇಷ್ಟ ಗಟ್ಟಿಯಾಗೇ ಹೇಳಿದ್ರಿ ಮೇಡಂ. ನಾ ನಂಬಿದೆ. ಇವತ್ತ ಮತ್ತ ಯಾಕ ನಂಬಬೇಕ್ರಿ?"

"ಏ!" ಎಂದರು ತಂದೆ.

"ಇರ್ಲಿ, ಕೇಳ್ಲಿ," ಎಂದು ಮೇಡಂ ಕೈ ಎತ್ತಿ ತಡೆದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. "ನಂಬು ಅಂತ ಹೇಳ್ಲಿಕ್ಕೆ ಬಂದಿಲ್ಲವ್ವಾ. ಅವತ್ತ ನಿನಗ ಕೇಳ್ಲಿಕ್ಕೆ ನಾ ಜಾಗಾ ಬಿಡ್ಲಿಲ್ಲ, ಇವತ್ತ ಕೇಳಿದಿ." ಕರವಸ್ತ್ರ ಬಿಚ್ಚಿ ಎರಡೂ ಬೋಲ್ಟುಗಳನ್ನು ಸ್ಟೂಲಿನ ಮೇಲಿಟ್ಟರು. "ಇವನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಕಂಪನ್ಯಾಗ ತೋರಸ್ರಿ, ಇಲ್ಲಾ ಬ್ಯಾರೆ ಕಾಲೇಜಿಗೆ ಒಯ್ಯಿರಿ. ನನ್ನ ಮಾತು ಮತ್ತ ತಪ್ಪು ಅನಸಿದ್ರ, ಬಂದು ಎಲ್ಲಾರ ಮುಂದ ಹೇಳು."

ಭಾಗ್ಯಶ್ರೀ ತಟ್ಟೆ ಕೆಳಗಿಟ್ಟಳು. ಮುರಿದ ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಹೊರಗೆ ಓಣಿಯಲ್ಲಿ ಯಾರೋ ಮೋಟರ್‌ಸೈಕಲ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಬರಿಗಣ್ಣಿಗೆ ಆ ಸಣ್ಣ ಮುಖದ ಮೇಲೆ ಎಷ್ಟು ಕಂಡಿತೋ ನಾನರಿಯೆ. ನುಣುಪು ಯಾವುದು, ಒರಟು ಯಾವುದು ಎಂಬಷ್ಟು ಕಂಡಿರಬೇಕು.

"ಉಳಿದ ಗಾಲಿಯೊಳಗ ಇವ ಅದಾವೇನ್ರಿ?" ಎಂದು ಕೇಳಿದಳು.

"ಅದಾವ."

"ಹಂಗಾದ್ರ ಅವೂ ಸಡಿಲಾಗೇ ಓಡ್ಯಾವ. ಒಳಗ ಬಿರುಕು ಬಿಟ್ಟಿರ್ತಾವ. ಬರೇ ಬಿಗಿದ್ರ ನಡಿಯೂದಿಲ್ಲ. ಎಲ್ಲಾನೂ ಬದಲಿ ಮಾಡ್ಬೇಕು."

"ಹೌದು," ಎಂದರು ಮೇಡಂ. "ಅಂಗಡ್ಯಾವಗ ಹೇಳೀನಿ. ತರಸ್ತಾನ."

"ಅಂಗಡೀವು ಬ್ಯಾಡ್ರಿ."

ಅವಳು ತಂದೆಯ ಕಡೆ ತಿರುಗಿದಳು. ನಾವು ಬಂದಾಗಿನಿಂದ ಅವರತ್ತ ಅವಳು ನೋಡಿದ್ದು ಅದೇ ಮೊದಲು.

"ಅಪ್ಪಾ, ಆ ಡಬ್ಬ್ಯಾಗ ಇನ್ನೂ ಅದಾವೇನು?"

ಅವರು ಮಗಳ ಮುಖವನ್ನೊಮ್ಮೆ, ಸ್ಟೂಲಿನ ಮೇಲಿದ್ದ ಹೊಸ ಬೋಲ್ಟನ್ನೊಮ್ಮೆ ನೋಡಿದರು. "ಸಾಹೇಬ್ರು ಇನ್ನೂ ಇರ್ತಾರ. ಕೇಳ್ಕೊಂಡ ಬಂದೆ," ಎಂದು ಚಹಾ ಮುಟ್ಟದೆ ಹೊಸ್ತಿಲ ಮೇಲೆ ಕುಳಿತು, ಆಗಷ್ಟೇ ಬಿಚ್ಚಿಟ್ಟಿದ್ದ ಶೂಗಳನ್ನು ಮತ್ತೆ ಹಾಕಿಕೊಳ್ಳತೊಡಗಿದರು.